ಹಾಸಿಗೆ ಅಂಗಡಿಯ ಬ್ಯಾಂಜೋ

ಅವರು ಹೋದ ಸುದ್ದಿ ನನಗೆ ಬಸ್ಸಿನಲ್ಲಿ ಸಿಕ್ಕಿತು. ನನ್ನ ಬದುಕಿನ ಮುಕ್ಕಾಲು ಸುದ್ದಿಗಳು ಬಸ್ಸಿನಲ್ಲೇ ಸಿಕ್ಕಿದಂಥವು. ತುಮಕೂರಿನಿಂದ ಹೆಬ್ಬೂರಿಗೆ, ಹೆಬ್ಬೂರಿನಿಂದ ತುಮಕೂರಿಗೆ ಇಷ್ಟು ವರ್ಷ ಓಡಾಡಿದವಳಿಗೆ ಮನೆಯಲ್ಲಿ ಕೂತು ಸುದ್ದಿ ಕೇಳುವ ಯೋಗ ಎಲ್ಲಿಂದ ಬರಬೇಕು? ಕುಣಿಗಲ್ಲಿಗೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರು ಟಿಕೆಟ್ ಹರಿದುಕೊಡುತ್ತಾ, "ನಿಮ್ ಹಾಸಿಗೆ ಸಾಬ್ರು ಹೋಗ್ಬಿಟ್ರಂತಲ್ಲ ಟೀಚರಮ್ಮ, ಕುಣಿಗಲ್ಲಲ್ಲಿ, ಮಗಳ ಮನೇಲಿ" ಎಂದ. ನಾನು ಹ್ಞೂ ಎಂದು ಕಿಟಕಿಯ ಆಚೆ ನೋಡಿದೆ. ತೊಡೆಯ ಮೇಲೆ ಪರೀಕ್ಷೆ ಪೇಪರುಗಳ ಕಟ್ಟು ಇತ್ತು, ಪಕ್ಕದಲ್ಲಿ ಯಾರದೋ ಕೋಳಿ ಬುಟ್ಟಿ. ಅಳು ಬರಲಿಲ್ಲ. ಅದು ಬಂದದ್ದು ಮುಂದಿನ ಭಾನುವಾರ, ಅವರು ಹೊಲಿದುಕೊಟ್ಟಿದ್ದ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಎಳೆದುಕೊಂಡು ಹೋಗುವಾಗ.

ಹೆಬ್ಬೂರಿನ ಮಿಡ್ಲ್ ಸ್ಕೂಲಿಗೆ ನಾನು ಟೀಚರಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ. ಒಂಟಿ ಹೆಂಗಸಿಗೆ ಅಲ್ಲಿ ಯಾರೂ ಮನೆ ಕೊಡಲಿಲ್ಲ. ತುಮಕೂರಿನಲ್ಲೇ ಒಂದು ರೂಮು ಹಿಡಿದೆ. ಮನೆಯ ಯಜಮಾನಿ ವಯಸ್ಸಾದ ವಿಧವೆ, ಗುಬ್ಬಿ ಕಡೆಯವರು. ಗಂಡ ಬದುಕಿದ್ದಾಗ ಕೊಬ್ಬರಿ ಮಂಡಿ ಇಟ್ಟಿದ್ದರಂತೆ. ಬೆಳಿಗ್ಗೆ ಲಿಂಗಪೂಜೆ ಆಗುವವರೆಗೆ ಬಾಯಿಗೆ ಒಂದು ಹನಿ ನೀರು ಬಿಡುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ ಅಳಿಸಿದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಬೀದಿಯವರೆಲ್ಲ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. ಮನೆಯ ಮುಂಭಾಗದಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಮಳಿಗೆ, ಅದರ ಹಿಂದೆ ಸಣ್ಣ ಕೋಣೆ. ಅಲ್ಲಿ ಸಾಬ್ರ ಹಾಸಿಗೆ ಅಂಗಡಿ ಮತ್ತು ವಾಸ. ಅವರ ಕೋಣೆಗೂ ನನ್ನ ರೂಮಿಗೂ ನಡುವೆ ಒಂದೇ ಗೋಡೆ.

ಮಳಿಗೆಯನ್ನು ಸಾಬರಿಗೆ ಕೊಟ್ಟಾಗ ಬೀದಿಯಲ್ಲಿ ಗೊಣಗಾಟ ಎದ್ದಿತ್ತಂತೆ. ಅಮ್ಮಾವ್ರು ಜಗಲಿಯ ಮೇಲೆ ನಿಂತು, "ನೀವೆಲ್ಲ ಮನೀಕಳದು ಅವ್ರು ಹೊಲ್ದಿರೋ ಹಾಸಿಗೆ ಮ್ಯಾಲೇ ಅಲ್ವೇನ್ರಪ್ಪಾ" ಎಂದು ಕೇಳಿ ಒಳಗೆ ಹೋದರಂತೆ. ಮಾತು ಅಲ್ಲಿಗೇ ನಿಂತಿತು.

ಸಾಬ್ರು ನೋಡಲು ಎತ್ತರದ ಆಳು, ಆದರೆ ಬೆನ್ನು ಬಾಗಿ ಆ ಎತ್ತರ ಗೊತ್ತಾಗುತ್ತಿರಲಿಲ್ಲ. ಹುಬ್ಬಿನಲ್ಲಿ, ಗಡ್ಡದಲ್ಲಿ, ಕಿವಿಯ ಕೂದಲಲ್ಲಿ ಸದಾ ಹತ್ತಿಯ ಎಳೆ. ಯಾವುದು ನರೆ, ಯಾವುದು ಹತ್ತಿ ಎಂದು ಶುಕ್ರವಾರ ಸ್ನಾನ ಮಾಡಿ ಮಸೀದಿಗೆ ಹೊರಟಾಗ ಮಾತ್ರ ತಿಳಿಯುತ್ತಿತ್ತು. ಹತ್ತಿಯ ದೂಳಿನಿಂದ ಹತ್ತಿದ ಒಂದು ಒಣ ಕೆಮ್ಮು ಅವರ ಜೊತೆಯಲ್ಲೇ ಓಡಾಡುತ್ತಿತ್ತು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ, "ಆಗ್ಲಿ ಬಿಡಿ." ಹಾಸಿಗೆ ಚೆನ್ನಾಗಿದೆ ಎಂದರೂ ಅಷ್ಟೇ, ಗಂಟು ಗಂಟಾಗಿದೆ ಎಂದು ಬೈದರೂ ಅಷ್ಟೇ.

ಹಗಲೆಲ್ಲ ಗೋಡೆಯಾಚೆಯಿಂದ ಹತ್ತಿ ಹಿಂಜುವ ಬಿಲ್ಲಿನ ಸದ್ದು ಬರುತ್ತಿತ್ತಂತೆ. ಅದನ್ನು ಕೇಳಲು ನಾನು ಮನೆಯಲ್ಲಿ ಇರುತ್ತಿರಲಿಲ್ಲ. ನನ್ನನ್ನು ಕಾಡಿದ್ದು ಬೆಳಗಿನ ಇನ್ನೊಂದು ಸದ್ದು. ಫಸ್ಟ್ ಬಸ್ಸಿಗೆ ಏಳಬೇಕಾದವಳಿಗೆ ಏಳುವ ಮುಂಚಿನ ಅರ್ಧ ಗಂಟೆಯ ನಿದ್ದೆ ಎಷ್ಟು ದೊಡ್ಡದು ಎಂದು ಏಳಬೇಕಾದವರಿಗೇ ಗೊತ್ತು. ಸರಿಯಾಗಿ ಆ ಹೊತ್ತಿಗೆ ಆಚೆಯಿಂದ ಟಣಟಣ ಟಣಟಣ ಎಂದು ಶುರುವಾಗುತ್ತಿತ್ತು. ಒಂದು ವಾರ ಸಹಿಸಿಕೊಂಡೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, ತೊಂದರೆ ಆಗುತ್ತಿರುವುದು ಸದ್ದಿನಿಂದಲೋ ಅಪಸ್ವರದಿಂದಲೋ ಎಂದು ವಿಚಾರಿಸಿದರು. ನನಗೆ ಸಂಗೀತದ ಗಂಧ ಇಲ್ಲ, ಎರಡರಿಂದಲೂ ಎಂದೆ.

"ಸದ್ದು ಅದರದ್ದು, ಅಪಸ್ವರ ನಂದು. ಎರಡ್ನೂ ಕಮ್ಮಿ ಮಾಡ್ತೀನಿ, ಹೋಗಿ" ಎಂದರು.

ಮಾರನೆಯ ದಿನದಿಂದ ಸದ್ದು ಇಳಿಯಿತು. ವಾದ್ಯದ ಬೆನ್ನಿಗೆ ಹತ್ತಿ ತುರುಕಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಹಾಸಿಗೆ ಅಂಗಡಿಯಲ್ಲಿ ಹತ್ತಿಗೆ ಬರವೇ? ಆದರೆ ಆ ಮೆತ್ತಗಿನ ಟಣಟಣಕ್ಕೆ ನನಗೆ ಎಚ್ಚರವೇ ಆಗದೆ ಎರಡು ಸಲ ಬಸ್ಸು ತಪ್ಪಿ ಹೆಡ್ಮಾಸ್ಟರ ಹತ್ತಿರ ಬೈಸಿಕೊಂಡೆ. ಮತ್ತೆ ಹೋಗಿ, ಹತ್ತಿ ತೆಗೆದುಬಿಡಿ ಎಂದು ಕೇಳಿಕೊಳ್ಳಬೇಕಾಯಿತು. "ಆಗ್ಲಿ ಬಿಡಿ" ಎಂದು ಅವರು ನನ್ನ ಎದುರಿಗೇ ಕೈ ಹಾಕಿ ಹತ್ತಿಯ ಉಂಡೆ ಎಳೆದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಆ ವಾದ್ಯವನ್ನು ನಾನು ಹತ್ತಿರದಿಂದ ನೋಡಿದ್ದೂ ಅವತ್ತೇ. ಬ್ಯಾಂಜೋ ಮ್ಯಾಂಡೋಲಿನ್ ಅಂತ ಅದರ ಹೆಸರು. ಅಮ್ಮಾವ್ರ ಬಾಯಲ್ಲಿ ಬಾಂಜು. ಜರಡಿಯಷ್ಟಗಲದ ದುಂಡು ಮರದ ಬಳೆ, ಅದರ ಮೇಲೆ ತಮಟೆಯ ಹಾಗೆ ಬಿಗಿದ ಚರ್ಮ, ಬೆನ್ನು ಖಾಲಿ. ಬಳೆಗೆ ಮ್ಯಾಂಡೋಲಿನ್ನಿನ ಕುತ್ತಿಗೆ, ಜೋಡಿ ಜೋಡಿಯಾಗಿ ಎಂಟು ತಂತಿ. "ತಮಟೆಗೂ ವೀಣೆಗೂ ಹುಟ್ಟಿದ್ ಕೂಸು ಇದು" ಎಂದು ಅವರು ಪರಿಚಯ ಮಾಡಿಸಿದರು. ಯಾವ ದೇಶದಿಂದ ಬಂದದ್ದೋ, ಕುತ್ತಿಗೆಯ ತುದಿಯಲ್ಲಿ ಮಾಡಿದವರ ಹೆಸರು ಬರೆದಿದ್ದ ಜಾಗ ಬೆರಳಾಡಿ ಆಡಿ ಸವೆದು ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ ಉಳಿದಿದ್ದವು. ಹಲವು ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಬಾಗಿಸಿದ ಬಳೆ ಅದು. ಎಲ್ಲಿ ಸೇರಿಸಿದ್ದಾರೆ ಎಂದು ಉಗುರು ಆಡಿಸಿದರೂ ಸಿಗುತ್ತಿರಲಿಲ್ಲ. ತಂತಿಗಳನ್ನು ಕಟ್ಟುವ ತಗಡಿನ ಮೇಲೆ ಹೂಬಳ್ಳಿಯ ಕೆತ್ತನೆ. ಕುತ್ತಿಗೆಯ ಮೇಲೆ ಮುತ್ತಿನ ಚಿಪ್ಪಿನ ಚುಕ್ಕೆಗಳು. ಅದರಲ್ಲಿ ಒಂದು ಬಿದ್ದುಹೋಗಿ ಆ ಜಾಗಕ್ಕೆ ಅಂಗಿಯ ಗುಂಡಿಯನ್ನು ಉಜ್ಜಿ ಕೂರಿಸಿದ್ದರು. ಚರ್ಮವನ್ನು ಎಳೆದು ಹಿಡಿಯಲು ಬಳೆಯ ಸುತ್ತ ಸಣ್ಣ ಸಣ್ಣ ಕೊಕ್ಕೆಗಳು. ಹಳೆಯವು ಮುರಿದ ಕಡೆಯೆಲ್ಲ ಸೈಕಲ್ ಕಡ್ಡಿ ಬಾಗಿಸಿ ಹಾಕಿದ್ದರು, ಕಡ್ಡಿಯದೇ ನಟ್ಟು. ತಂತಿ ತಿರುಪುವ ಬಿರಡೆಗಳಲ್ಲಿ ಒಂದರ ತಲೆ ಹುಣಸೆ ಮರದ್ದು. ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲುಗಳು ಬೆರಳು ಒತ್ತುವ ಕಡೆ ತಗ್ಗು ಬಿದ್ದಿದ್ದವು. ಚರ್ಮ ಮಾತ್ರ ಮೊದಲಿನದೇ, ತುಪ್ಪದ ಬಣ್ಣಕ್ಕೆ ತಿರುಗಿತ್ತು, ಬೆಳಕಿಗೆ ಹಿಡಿದರೆ ಆಚೆಯ ಕೈ ಮಸುಕಾಗಿ ಕಾಣುತ್ತಿತ್ತು. ಅದರ ಪೆಟ್ಟಿಗೆ ಎಂದೋ ಹಾಳಾಗಿತ್ತು. ಇವರು ಪಟ್ಟೆ ಪಟ್ಟೆ ಹಾಸಿಗೆ ಬಟ್ಟೆಯಲ್ಲಿ ಹತ್ತಿ ತುಂಬಿ ಒಂದು ಚೀಲ ಹೊಲಿದಿದ್ದರು. ಹೊರಗಿನಿಂದ ನೋಡಿದವರು ಅದರೊಳಗೆ ಮಗುವಿದೆ ಎಂದುಕೊಳ್ಳಬೇಕು.

ಅದು ಇವರಿಗೆ ಸಿಕ್ಕ ಕತೆ ಹೀಗಿದೆ. ಇವರು ಇನ್ನೂ ತಂದೆಯ ಜೊತೆ ಬಿಲ್ಲು ಹೊತ್ತು ತಿರುಗುತ್ತಿದ್ದ ಕಾಲದಲ್ಲಿ ಗುಬ್ಬಿಯಲ್ಲಿ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತಂತೆ. ರಾಜನ ಸಿಂಹಾಸನದ ದಿಂಬು ಹರಿದಿತ್ತು. "ಸಿಂಹಾಸನಕ್ಕೆ ದಿಂಬು ತುಂಬಕ್ಕೆ ಹೋದವ್ನು ಅಲ್ಲೇ ಕೂತ್ಬಿಟ್ಟೆ ಟೀಚರಮ್ಮ" ಎನ್ನುತ್ತಿದ್ದರು. ಸ್ಟೇಜಿನ ಕೆಳಗೆ ಹಾರ್ಮೋನಿಯಂ ಪಕ್ಕದಲ್ಲಿ ಕೂತು ಈ ವಾದ್ಯ ನುಡಿಸುತ್ತಿದ್ದ ಹಿರಿಯರೊಬ್ಬರು ಇವರಿಗೆ ಪಾಠ ಹೇಳಿದರು. ಅವರ ಕಣ್ಣು ಹೋದ ಮೇಲೆ ಜಾಗವನ್ನೂ ವಾದ್ಯವನ್ನೂ ಇವರಿಗೇ ಬಿಟ್ಟರು. ಕಂಪನಿ ಒಡೆದಾಗ ನಟರು ದಿಕ್ಕಾಪಾಲಾದರು, ಇವರು ಮತ್ತೆ ಬಿಲ್ಲು ಹಿಡಿದರು.

ನುಡಿಸುವುದನ್ನು ಪೂರ್ತಿ ಬಿಟ್ಟಿರಲಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುವ ಹುಚ್ಚು ಇದೆಯಲ್ಲ. ಹಾಗಲವಾಡಿ ಕಡೆಯಿಂದ, ಅಮೃತೂರು ಕಡೆಯಿಂದ ಹಾರ್ಮೋನಿಯಂ ಮೇಷ್ಟ್ರುಗಳು ಹೇಳಿಕಳಿಸುತ್ತಿದ್ದರು. ಬೇಸಗೆಯಲ್ಲಿ ಸ್ಪೆಷಲ್ ಕ್ಲಾಸಿಗೆಂದು ನಾನು ಬಸ್ ಸ್ಟ್ಯಾಂಡಿಗೆ ಹೋಗುವಾಗ ಅವರು ಫಸ್ಟ್ ಬಸ್ಸಿನಿಂದ ಇಳಿಯುತ್ತಿದ್ದರು. ನಿದ್ದೆಗೆಟ್ಟ ಕಣ್ಣು, ಎದೆಗೆ ಅವುಚಿಕೊಂಡ ಪಟ್ಟೆ ಚೀಲ. ನನ್ನ ಸುಸ್ತು ಶುರುವಾಗುವ ಹೊತ್ತಿಗೆ ಅವರದು ಮುಗಿಯುತ್ತಿತ್ತು. ಇಬ್ಬರೂ ಮಾತಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ತಲೆ ಆಡಿಸಿ ಹೋಗುತ್ತಿದ್ದೆವು.

ಸಂಜೆ ನಾನು ವಾಪಸಾಗುವ ವೇಳೆಗೆ ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ತಂತಿಗಳನ್ನು ಸಡಿಲ ಮಾಡುತ್ತಿರುತ್ತಿದ್ದರು. ಬೆಳಿಗ್ಗೆ ಬಿಗಿಯುವುದು, ಸಂಜೆ ಬಿಡುವುದು. ಇದೇನು ದಿನಾ ಎರಡೆರಡು ಕೆಲಸ ಎಂದು ಒಮ್ಮೆ ರೇಗಿಸಿದೆ.

"ದಿನಾ ಪೂರ್ತಿ ಬಿಗ್ಕೊಂಡಿರಕ್ಕೆ ಯಾರ್ ಕೈಲಾಗುತ್ತೆ? ಅದಕ್ಕೂ ಸುಸ್ತಾಗುತ್ತೆ ಟೀಚರಮ್ಮ" ಎಂದರು. ನನ್ನ ಮುಖ ನೋಡಿಯೇ ಹೇಳಿದರೋ, ವಾದ್ಯದ ಬಗ್ಗೆಯೇ ಹೇಳಿದರೋ ಗೊತ್ತಿಲ್ಲ. ಅವತ್ತು ಮನೆಗೆ ಹೋಗಿ ನೋಟ್ಸು ತಿದ್ದದೆ ಮಲಗಿಬಿಟ್ಟೆ.

ಅವರ ಬದುಕಿನ ದೊಡ್ಡ ಶತ್ರು ಮಳೆಗಾಲ. ಥಂಡಿ ಗಾಳಿಗೆ ಚರ್ಮ ಜೋಲು ಬೀಳುತ್ತದೆ. ಚರ್ಮದ ಮೇಲೆ ಕೂತ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಕೆಳಗೆ ಕುಸಿಯುತ್ತದೆ. ಆಗ ವಾದ್ಯ ಶೀತವಾದವರ ಹಾಗೆ ಗೊರಗೊರ ಎನ್ನುತ್ತದೆ. ಕೊಕ್ಕೆ ಬಿಗಿದರೆ ಸರಿಹೋಗುತ್ತದೆ, ಆದರೆ ಒದ್ದೆ ಚರ್ಮವನ್ನು ಬಿಗಿಯಕೂಡದು. ಒಣಗುವಾಗ ಅದು ತಾನೇ ಎಳೆದುಕೊಂಡು ಹರಿಯುತ್ತದೆ. ಮೊದಲು ಕಾಯಿಸಬೇಕು. ಹತ್ತಿ ಅಂಗಡಿಯಲ್ಲಿ ಬೆಂಕಿ ಇಡುವಂತಿಲ್ಲವಲ್ಲ, ಮಳೆ ಬಂದ ದಿನ ಆ ಚೀಲ ಅಮ್ಮಾವ್ರ ಅಡುಗೆಮನೆ ಕಿಟಕಿಯಿಂದ ಒಳಗೆ ಹೋಗುತ್ತಿತ್ತು. ಅಮ್ಮಾವ್ರು ಮೊಮ್ಮಗುವಿಗೆ ಶಾಖ ಕೊಡುವ ಹಾಗೆ ಅದನ್ನು ಒಲೆಯಿಂದ ಒಂದು ಮಾರು ದೂರದಲ್ಲಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಆಗಾಗ ಬೆರಳ ತುದಿಯಿಂದ ಚರ್ಮ ತಟ್ಟಿ ನೋಡುತ್ತಿದ್ದರು. ಸಾಬ್ರು ಹೊರಗೆ ಜಗಲಿಯ ಮೇಲೆ ಕಾಯುತ್ತಿದ್ದರು. ಸದ್ದು ಹದಕ್ಕೆ ಬಂತು ಎನಿಸಿದಾಗ, "ತಗಳಿ ಸಾಬ್ರೇ, ಬೆಂದೈತೆ ನಿಮ್ ಬಾಂಜು" ಎಂದು ಕಿಟಕಿಯಿಂದ ಕೊಡುತ್ತಿದ್ದರು.

ಆಯುಧಪೂಜೆಯ ದಿನ ಅಮ್ಮಾವ್ರು ತಮ್ಮ ಮನೆಯ ಕತ್ತಿ ಕುಡುಗೋಲು ಈಳಿಗೆಮಣೆಯ ಜೊತೆ ಸಾಬ್ರ ಬಿಲ್ಲಿಗೂ ಹೊಲಿಗೆ ಮಿಷನ್ನಿಗೂ ಪೂಜೆ ಮಾಡುತ್ತಿದ್ದರು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಲ್ಲಿ ಮೂರು ಪಟ್ಟೆ, ಮೇಲೆ ಒಂದು ಚೆಂಡುಹೂವು. ಸಾಬ್ರು ತಾವೇ ಅವನ್ನು ತಂದು ಜಗಲಿಯ ಮೇಲೆ ಇಟ್ಟು, ಆಮೇಲೆ ದೂರ ಹೋಗಿ ರಸ್ತೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅಮ್ಮಾವ್ರಿಗೆ ಸಂಕೋಚ ಆಗಬಾರದು ಎಂದೋ ಏನೋ. ಬ್ಯಾಂಜೋ ಮಾತ್ರ ಒಳಗೇ ಇರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಒಂದು ವರ್ಷ ಅದೂ ಹೊರಗೆ ಬಂತು. ಕಾರಣವಿತ್ತು. ಹಳೆಯ ಕಂಪನಿಯ ನಟರಲ್ಲಿ ಬದುಕಿದ್ದವರು ಗುಬ್ಬಿಯಲ್ಲಿ ಸೇರಿ ಕೊನೆಯ ಸಲ ಒಂದು ನಾಟಕ ಆಡಬೇಕು ಎಂದು ಗೊತ್ತುಮಾಡಿಕೊಂಡಿದ್ದರು. ಅದು ಆಯುಧಪೂಜೆಯ ಸಂಜೆಗೇ ನಿಗದಿಯಾಗಿತ್ತು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಹಲ್ಲಿಲ್ಲ, ಇನ್ನೊಂದು ಸಲ ಇವರೆಲ್ಲ ಸೇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸಾಬ್ರಿಗೆ ಹೇಳಿಕಳಿಸಿದ್ದರು. ಆ ತಿಂಗಳೆಲ್ಲ ಗೋಡೆಯಾಚೆ ಹಳೆಯ ರಂಗಗೀತೆಗಳೇ. ನನಗೇ ಬಾಯಿಪಾಠವಾಗಿ ಕರಿಹಲಗೆ ಒರೆಸುವಾಗ ಗುನುಗುತ್ತಿದ್ದೆ. "ಆಗ್ಲಿ ಬಿಡಿ" ಎನ್ನುವ ಆ ಮನುಷ್ಯನಿಗೆ ಅಷ್ಟು ಆಸೆ ಹುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತು ಬೆಳಿಗ್ಗೆ ಅವರೇ ಬ್ಯಾಂಜೋ ತಂದು ಬಿಲ್ಲಿನ ಪಕ್ಕ ಇಟ್ಟು, "ಇದಕ್ಕೂ ಒಂದಿಷ್ಟು ಹಚ್ಚಿ ಅಮ್ಮ, ಇವತ್ತು ಗುಬ್ಬಿಗ್ ಹೋಗ್ತಾ ಇದೀನಿ" ಎಂದು ದೂರ ಸರಿದರು.

ಅಮ್ಮಾವ್ರ ಮುಖ ಅರಳಿತು. ಇಷ್ಟು ವರ್ಷ ಒಲೆ ಮುಂದೆ ಕಾಯಿಸಿದ ವಾದ್ಯ ಅದು. ಥಂಡಿ ಅದಕ್ಕೆ ಆಗದು ಎಂದು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ಆದರೆ ವಿಭೂತಿಯನ್ನು ಅವರು ಯಾವತ್ತೂ ನೀರಿನ ಲೆಕ್ಕಕ್ಕೆ ಸೇರಿಸಿರಲಿಲ್ಲ. ಬಟ್ಟಲಲ್ಲಿ ತೆಳ್ಳಗೆ ಕಲಸಿದ ವಿಭೂತಿಯಲ್ಲಿ ಬೆರಳು ಅದ್ದಿ, ಚರ್ಮದ ಈ ಅಂಚಿನಿಂದ ಆ ಅಂಚಿಗೆ ಧಾರಾಳವಾಗಿ ಮೂರು ಪಟ್ಟೆ ಎಳೆದರು. ನಾನು ಪಕ್ಕದಲ್ಲೇ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ನನಗೂ ಹೊಳೆಯಲಿಲ್ಲ.

ಮಧ್ಯಾಹ್ನ ಹೊರಡುವ ಮುಂಚೆ ಶ್ರುತಿ ಮಾಡಲು ನೋಡಿದರೆ ಚರ್ಮ ಜೋತುಬಿದ್ದಿತ್ತು. ಮೋಡದ ದಿನ, ಬಿಸಿಲಿರಲಿಲ್ಲ. ಒಲೆಗೆ ಕೊಡೋಣವೆಂದರೆ ಯಾಕೆ ಎಂದು ಅಮ್ಮಾವ್ರಿಗೆ ಹೇಳಬೇಕಾಗುತ್ತದೆ. ಬಸ್ಸಿಗೆ ಹೊತ್ತಾಗಿತ್ತು. ಹೆದರುತ್ತಲೇ ಕೊಕ್ಕೆಗಳನ್ನು ಅಷ್ಟಷ್ಟು ಬಿಗಿದರು. ಹಬ್ಬದ ಬಸ್ಸು, ಕಾಲಿಡಲು ಜಾಗವಿಲ್ಲ. ಡ್ರೈವರ್ ಪಕ್ಕ ಇಂಜಿನ್ನಿನ ಮೇಲಿನ ಬಿಸಿ ಬಾನೆಟ್ಟಿನ ಮೇಲೆ ಯಾರೋ ಇವರ ಕೈಯಿಂದ ಚೀಲ ತೆಗೆದು ಇಟ್ಟರು. ಇವರು ಜನರ ಮಧ್ಯೆ ಸಿಕ್ಕಿಕೊಂಡು, ಬೇಡ ಎನ್ನುವಷ್ಟರಲ್ಲಿ ಬಸ್ಸು ಹೊರಟಿತ್ತು. ಗುಬ್ಬಿ ಇನ್ನೂ ಬಂದಿರಲಿಲ್ಲ, ಚೀಲದೊಳಗೆ ಟಪ್ ಎಂದಿತಂತೆ.

ಇಷ್ಟನ್ನೂ ಅವರು ನನಗೆ ಹೇಳಿದ್ದು ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆ. ನಾನು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ. ಅವರು ಬಂದು ಮೆಟ್ಟಿಲ ಮೇಲೆ ಕೂತು ಚೀಲದ ಬಾಯಿ ಬಿಚ್ಚಿ ತೋರಿಸಿದರು. ನಡುವಿನ ಪಟ್ಟೆಯ ಉದ್ದಕ್ಕೆ ಅಂಚಿನಿಂದ ಕುದುರೆಯವರೆಗೆ ಚರ್ಮ ಸೀಳಿತ್ತು. ಸೀಳಿನ ಎರಡು ತುಟಿಯಲ್ಲೂ ವಿಭೂತಿ ಬೆಳ್ಳಗೆ ಒಣಗಿತ್ತು. ಮತ್ತೆ ನಾಟಕದಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಕೈಗೆ ತಾಳ ಕೊಟ್ಟರಂತೆ. ಹಾರ್ಮೋನಿಯಂ ಪಕ್ಕದ ತಮ್ಮ ಹಳೆಯ ಜಾಗದಲ್ಲಿ ಕೂತು ಪೂರ್ತಿ ನಾಟಕಕ್ಕೆ ತಾಳ ತಟ್ಟಿ ಬಂದಿದ್ದರು. ಅಷ್ಟು ವರ್ಷ ಕಾದ ಒಂದು ಸಂಜೆ ಹೀಗೆ ಹೋಗಬೇಕೇ ಎಂದು ದೇವರ ಮೇಲೂ ಅಮ್ಮಾವ್ರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಅಮ್ಮಾವ್ರಿಗೆ ಹೇಳುತ್ತೇನೆ ಎಂದು ಎದ್ದೆ.

"ಬೇಡ ಟೀಚರಮ್ಮ" ಎಂದರು. "ಬಿಗಿ ಮಾಡಿದ್ದು ನಾನು. ಬಾನೆಟ್ ಮೇಲೆ ಬಿಟ್ಟಿದ್ದೂ ನಾನೇ. ಅವ್ರಿಗೆ ಗೊತ್ತಾದ್ರೆ ಇನ್ನ್ಮೇಲೆ ವಿಭೂತಿ ಮುಟ್ಟುವಾಗೆಲ್ಲ ಇದೇ ನೆನಪಾಗುತ್ತೆ. ದಿನಾ ಬೆಳಿಗ್ಗೆ ಮುಟ್ತಾರಲ್ಲ ಅವ್ರು."

ಅಷ್ಟರಲ್ಲಿ ಅಮ್ಮಾವ್ರೇ ಪೂಜೆ ಮುಗಿಸಿ ಹೊರಗೆ ಬಂದರು. ನಾಟಕ ಹೆಂಗಾಯ್ತು ಎಂದು ಕೇಳಿದರು. ಸಾಬ್ರು ಚೀಲದ ಬಾಯಿ ಮಡಿಸಿ ಎದ್ದು ನಿಂತು, "ಬಾಳ ಚೆನ್ನಾಗಾಯ್ತಮ್ಮ. ಎಲ್ಲಾ ನಿಮ್ ವಿಭೂತಿ" ಎಂದರು. ಅಮ್ಮಾವ್ರು ಆ ವಾರವೆಲ್ಲ ಬೀದಿಯಲ್ಲಿ ಅದನ್ನು ಹೇಳಿಕೊಂಡು ತಿರುಗಿದರು. ತಾವು ವಿಭೂತಿ ಹಚ್ಚಿ ಕಳಿಸಿದ್ದು, ಗುಬ್ಬಿಯಲ್ಲಿ ಜನ ಚಪ್ಪಾಳೆ ತಟ್ಟಿದ್ದು. ಚಪ್ಪಾಳೆಯನ್ನು ಅವರೇ ಸೇರಿಸಿಕೊಂಡಿದ್ದರು.

ಚರ್ಮ ಬದಲಾಯಿಸಬಹುದಿತ್ತು. ಊರಿನಲ್ಲಿ ತಬಲಾ ಕಟ್ಟುವವರೊಬ್ಬರು ಇದ್ದರು, ಮೇಕೆಯ ತೆಳು ಚರ್ಮ ಕಟ್ಟಿಕೊಡುತ್ತೇನೆ ಎಂದಿದ್ದರಂತೆ. ನಾನು ತಿಂಗಳುಗಟ್ಟಲೆ ಬೆನ್ನುಹತ್ತಿದೆ. "ನೋಡಣ" ಎನ್ನುತ್ತಲೇ ಕಾಲ ತಳ್ಳಿದರು. ಕೊನೆಗೊಂದು ದಿನ ರೇಗಿ ಕೇಳಿದಾಗ, ಬೆಳ್ಳನೆಯ ಹೊಸ ಚರ್ಮ ಕಂಡರೆ ಹಳೆಯದು ಏನಾಯಿತು ಎಂದು ಅಮ್ಮ ಕೇಳುವುದಿಲ್ಲವೇ ಎಂದರು. ಸೀಳಿಗೆ ಒಳಗಿನಿಂದ ತೆಳು ಬಟ್ಟೆಯ ತೇಪೆ ಅಂಟಿಸಿಕೊಂಡರು. ಅದರ ಮೇಲೆ ಹಳೆಯ ಬಿಗಿ ಹಾಕುವಂತಿರಲಿಲ್ಲ. ಬೆಳಗಿನ ಸದ್ದು ಇಳಿದು, ಹತ್ತಿ ತುರುಕಿದ್ದ ದಿನಗಳಂತಾಯಿತು. ಆ ಹೊತ್ತಿಗೆ ನಾನು ಸದ್ದಿಲ್ಲದೆಯೂ ಏಳುವುದನ್ನು ಕಲಿತಿದ್ದೆ. ಹಾರ್ಮೋನಿಯಂ ಮೇಷ್ಟ್ರುಗಳು ಹೇಳಿಕಳಿಸಿದರೆ ಕೈ ನೋವು ಎನ್ನುತ್ತಿದ್ದರು. ಕೆಲವು ಸಲ ಕರೆದು ಅವರೂ ಸುಮ್ಮನಾದರು. ಎಂಬತ್ತರ ದಶಕದಲ್ಲಿ ಹಳ್ಳಿ ನಾಟಕಗಳಿಗೂ ಕೀಬೋರ್ಡ್ ಬಂತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಪಟ್ಟೆ ಚೀಲ ಹೊತ್ತು ಇಳಿಯುವವರು ಯಾರೂ ಇರಲಿಲ್ಲ. ನಾನು ಒಬ್ಬಳೇ ಸುಸ್ತಾಗಿ ಬಸ್ಸು ಹತ್ತುತ್ತಿದ್ದೆ.

ಗುಬ್ಬಿಯ ನಾಟಕದ ಮರುವರ್ಷ ಮಳೆಗಾಲ ಬಂದಾಗ ಚೀಲ ಕಿಟಕಿಗೆ ಹೋಗಲಿಲ್ಲ. ಅಮ್ಮಾವ್ರು ಮೊದಮೊದಲು ಕೇಳಿದರು, "ಈಟೊಂದ್ ಮಳೆ ಹಿಡ್ಕಂಡೈತೆ, ಕಾಯ್ಸಕ್ ಕೊಡ್ಲೇ ಇಲ್ವಲ್ಲ ಸಾಬ್ರೇ?" ಇವತ್ತು ಅಂಗಡಿಯಲ್ಲಿ ಕೆಲಸ ಇದೆಯಮ್ಮ ಎಂದರು. ಇನ್ನೊಂದು ದಿನ, ಈಗ ಅಷ್ಟು ಥಂಡಿ ಇಲ್ಲ ಬಿಡಿ ಎಂದರು. ಒಂದೆರಡು ವಾರ ಕಳೆದ ಮೇಲೆ ಅಮ್ಮಾವ್ರು ಕೇಳುವುದನ್ನು ನಿಲ್ಲಿಸಿದರು. ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುವಷ್ಟಾಗಿತ್ತು. ಅದು ನಮ್ಮಿಬ್ಬರಿಗೆ ಒಂದು ರೀತಿಯ ಧೈರ್ಯವಾಗಿತ್ತು ಎಂದು ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ, ಆದರೆ ನಿಜ.

ಮುಂದಿನ ಆಯುಧಪೂಜೆ ಬಂತು. ಸಾಬ್ರು ಎಂದಿನಂತೆ ಬಿಲ್ಲು, ಮಿಷನ್ನು ತಂದಿಟ್ಟರು. ಬ್ಯಾಂಜೋ ತರದಿದ್ದರೆ ಅಮ್ಮಾವ್ರಿಗೆ ಅನುಮಾನ ಬರುತ್ತದೆಂದು ಅದನ್ನೂ ತಂದು ಇಟ್ಟು, ದೂರ ಹೋಗಿ ರಸ್ತೆ ಕಡೆ ಮುಖ ಮಾಡಿ ನಿಂತರು. ನಾನು ಹೂವಿನ ತಟ್ಟೆ ಹಿಡಿದಿದ್ದೆ. ಅಮ್ಮಾವ್ರು ಬಿಲ್ಲಿಗೆ ಹಚ್ಚಿದರು, ಮಿಷನ್ನಿಗೆ ಹಚ್ಚಿದರು. ಆಮೇಲೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಸೆರಗಿನ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಒಣ ವಿಭೂತಿ ಗಟ್ಟಿಯ ಮೇಲೆ ಬೆರಳು ಉಜ್ಜಿ, ಆ ಪುಡಿಯನ್ನು ಚರ್ಮಕ್ಕೆ ಸೋಕಿತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ಎಳೆದರು. ನಡುವಿನ ಬೆರಳು ಸೀಳಿನ ಅಂಚಿಗೆ ಬಂದಾಗ ನಿಂತಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಬೆರಳನ್ನು ಎತ್ತಿ, ಸೀಳು ದಾಟಿಸಿ, ಆಚೆ ಇಟ್ಟು ಪಟ್ಟೆ ಮುಗಿಸಿದರು. "ಹೂ ಕೊಡವ್ವ" ಎಂದರು. ನಾನು ಒಂದು ಚೆಂಡುಹೂವು ಎತ್ತಿ ಅವರ ಕೈಗಿಟ್ಟೆ.

ಪೂಜೆ ಆದ ಮೇಲೆ ಅಮ್ಮಾವ್ರು ಜೋರಾಗಿ, ರಸ್ತೆಯವರೆಗೆ ಕೇಳುವ ಹಾಗೆ, "ಆಯ್ತು ಸಾಬ್ರೇ, ಹೋದ್ ವರ್ಷದಂಗೇ ಚೆನ್ನಾಗಿ ಹಚ್ಚಿವ್ನಿ" ಎಂದರು. ಅವರು ಬಂದು, ಆಗ್ಲಿ ಅಮ್ಮ ಎಂದು ಎತ್ತಿಕೊಂಡು ಹೋದರು.

ನಾನು ಕಂಡದ್ದನ್ನು ಅವರಿಗೆ ಹೇಳಲಿಲ್ಲ. ಅಮ್ಮಾವ್ರನ್ನೂ ಕೇಳಲಿಲ್ಲ. ಅವರವರು ಅಷ್ಟು ಜೋಪಾನವಾಗಿ ಮುಚ್ಚಿಟ್ಟಿರುವಾಗ ನಡುವೆ ನಾನು ಯಾರು? ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹೀಗೇ ನಡೆಯಿತು. ಇವರು ಬ್ಯಾಂಜೋ ತಂದಿಟ್ಟು ಬೆನ್ನು ತಿರುಗಿಸುವುದು, ಅವರು ಬೆರಳು ಒರೆಸಿಕೊಂಡು ಒಣ ವಿಭೂತಿ ಹಚ್ಚುವುದು, ಗುಬ್ಬಿಯ ನಾಟಕವನ್ನು ಇಬ್ಬರೂ ಸೇರಿ ಹೊಗಳುವುದು. ಕೆಲವು ಸಲ ನನಗೆ ನಗು ಬರುತ್ತಿತ್ತು. ಹೆಚ್ಚಿನ ಸಲ ಸುಸ್ತಾಗುತ್ತಿತ್ತು. ಒಂದು ಮಾತು ಆಡಿಬಿಟ್ಟರೆ ಹೊಸ ಚರ್ಮ ಬರುತ್ತದೆ, ಬೆಳಿಗ್ಗೆ ಮತ್ತೆ ಗೋಡೆ ನಡುಗುತ್ತದೆ ಎಂದು ಬಸ್ಸಿನಲ್ಲಿ ಕೂತು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮನೆ ಮುಟ್ಟುವ ಹೊತ್ತಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಅಮ್ಮಾವ್ರು ಹೋದರು. ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ. ಜಂಗಮರು, ನೆಂಟರು, ಮಠದ ಕಡೆಯವರು ಬಂದು ತುಂಬಿಕೊಂಡಾಗ ಸಾಬ್ರು ಬೀದಿಯ ಆಚೆ ಬದಿಯಲ್ಲಿ ನಿಂತೇ ಇದ್ದರು. ಅಮ್ಮಾವ್ರನ್ನು ಕೂತ ಭಂಗಿಯಲ್ಲೇ ಇರಿಸಿ, ಸುತ್ತ ಹೂವಿನ ವಿಮಾನ ಕಟ್ಟಿ ಹೊರಟಾಗ, ಕೂರಿಸಿದ ಹಲಗೆಯ ಮೇಲೆ ಹೊಸ ಹತ್ತಿಯ ದಿಂಬು ಇತ್ತು. ಯಾರು ಕೊಟ್ಟರು ಎಂದು ಯಾರೂ ಕೇಳಲಿಲ್ಲ.

ವಾರಸುದಾರರು ಮನೆ ಮಾರುವ ಮಾತಾಡಿದರು. ಅಷ್ಟು ಹೊತ್ತಿಗೆ ಊರಿನಲ್ಲಿ ಫೋಮ್ ಹಾಸಿಗೆಯ ಅಂಗಡಿಗಳು ಬಂದಿದ್ದವು, ಹತ್ತಿ ಹಿಂಜಲು ಮೆಷೀನು ಬಂದಿತ್ತು. ಸಾಬ್ರು, ದಸರಾ ಮುಗಿಸಿಕೊಂಡು ಕುಣಿಗಲ್ಲಿಗೆ ಮಗಳ ಮನೆಗೆ ಹೋಗುತ್ತೇನೆ ಎಂದರು. ನಾನೂ ಬೇರೆ ರೂಮು ನೋಡಿದ್ದೆ.

ಆ ಆಯುಧಪೂಜೆಯ ಬೆಳಿಗ್ಗೆ ಅಮ್ಮಾವ್ರ ಬಾಗಿಲಿಗೆ ಬೀಗ ಬಿದ್ದಿತ್ತು. ಸಾಬ್ರು ಜಗಲಿಯನ್ನು ತಾವೇ ಗುಡಿಸಿ, ಒರೆಸಿ, ಬಿಲ್ಲನ್ನೂ ಮಿಷನ್ನನ್ನೂ ತಂದಿಟ್ಟರು. ಆಮೇಲೆ ಪಟ್ಟೆ ಚೀಲದಿಂದ ಬ್ಯಾಂಜೋ ತೆಗೆದು ಅದರ ಜಾಗದಲ್ಲಿ ಇಟ್ಟರು. ಒಂದು ಕೊಕ್ಕೆ ಕಳಚಿಬಿದ್ದಿತ್ತು. ಚರ್ಮದ ಮೇಲೆ ವರ್ಷ ವರ್ಷದ ಒಣ ವಿಭೂತಿ ಮಸುಕು ಮಸುಕಾಗಿ ಉಳಿದಿತ್ತು. ನನ್ನ ಬಾಗಿಲಿಗೆ ಬಂದು, "ನೀವು ಹಚ್ತೀರಾ ಟೀಚರಮ್ಮ?" ಎಂದು ಕೇಳಿದರು.

ಇನ್ನಾದರೂ ಹೊಸ ಚರ್ಮ ಕಟ್ಟಿಸಬಹುದಲ್ಲ ಎಂದೆ. ಅವರು ಎಡಗೈ ಬೆರಳುಗಳನ್ನು ಬಿಡಿಸಲು ನೋಡಿದರು. ಪೂರ್ತಿ ಬಿಚ್ಚಿಕೊಳ್ಳಲಿಲ್ಲ. "ಕಟ್ಟುಸ್ಬೋದು. ಇವು ಕೇಳ್ಬೇಕಲ್ಲ" ಎಂದರು.

ಅಮ್ಮಾವ್ರು ಕೊಟ್ಟಿದ್ದ ವಿಭೂತಿ ಗಟ್ಟಿ ನನ್ನ ಗೂಡಿನಲ್ಲಿತ್ತು. ಬಟ್ಟಲಿಗೆ ನೀರು ಹಾಕಿ ಒಂದಿಷ್ಟು ಕಲಸಿಕೊಂಡು ಹೊರಗೆ ಬಂದೆ. ಅವರು ಎಂದಿನಂತೆ ದೂರ ಹೋಗಿ ರಸ್ತೆ ಕಡೆ ಮುಖ ಮಾಡಿ ನಿಂತಿದ್ದರು. ಬಿಲ್ಲಿಗೆ ಹಚ್ಚಿದೆ. ಮಿಷನ್ನಿಗೆ ಹಚ್ಚಿದೆ. ಬ್ಯಾಂಜೋ ಹತ್ತಿರ ಬಂದು ಕೂತಾಗ ಅವರು ತಿರುಗದೆಯೇ ಹೇಳಿದರು.

"ಅದಕ್ಕೆ ಒಣದು ಟೀಚರಮ್ಮ. ಅಮ್ಮ ಒಣದೇ ಹಚ್ತಿದ್ರು."

ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿ ಸೆರಗಿನಲ್ಲಿ ಬೆರಳು ಒರೆಸಿಕೊಂಡೆ. ಅವು ಚೆನ್ನಾಗಿ ಒಣಗುವವರೆಗೆ ಕಾದೆ. ಅವರೂ ಬೆನ್ನು ತಿರುಗಿಸಿಕೊಂಡೇ ಕಾದರು.